ಅವ್ವನಿಗೆ ಕಾಣುವಂಥ ಫೋನು

ಏಳು ತಿಂಗಳು ಅವ್ವನ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ. ಆ ಸಿಟ್ಟಿನಲ್ಲೇ ಅವಳಿಗೊಂದು ಫೋನು ಕೊಡಿಸಲು ರಾಯದುರ್ಗಕ್ಕೆ ಹೋದೆ. ದಸರಾ ರಜೆ ಶುರುವಾಗುವುದರಲ್ಲಿತ್ತು. ಮನೆಯಲ್ಲಿ ಬಿದ್ದುಕೊಂಡು ನಿದ್ದೆ ಮಾಡಬೇಕೆಂದುಕೊಂಡಿದ್ದೆ. ಅಷ್ಟರಲ್ಲಿ ತಮ್ಮ ಫೋನು ಮಾಡಿ, “ಅಕ್ಕಾ, ಅವ್ವನ ಫೋನು ನಿಂತ ನಿಂತಲ್ಲೇ ನಿಂದರತೈತಿ. ನೀನ ಒಂದು ಕೊಡಸು,” ಎಂದ. ಮಗಳಿಗೆ ನೌಕರಿ ಇದೆ ಎಂದರೆ ಇಂಥವೆಲ್ಲ ಅವಳ ಪಾಲಿಗೇ ಬರುತ್ತವೆ.

ನಾನು ಅಗಳಿ ಕಡೆಯ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರು. ಮನೆಯವರು ಕಡಲೆಕಾಯಿ, ಹಿಪ್ಪುನೇರಳೆ ನೋಡಿಕೊಳ್ಳುತ್ತಾರೆ. ಅವ್ವ ರಾಯದುರ್ಗದಲ್ಲಿ ತಮ್ಮನ ಮನೆಯಲ್ಲಿದ್ದಾಳೆ. ತಮ್ಮ, ತಮ್ಮನ ಹೆಂಡತಿ ಇಬ್ಬರೂ ಜೀನ್ಸ್ ಹೊಲಿಯುವ ಕೆಲಸಕ್ಕೆ ಹೋಗುತ್ತಾರೆ. ಅವ್ವನೂ ವರ್ಷಾನುಗಟ್ಟಲೆ ಆ ಮಷಿನ್ನುಗಳ ಸದ್ದಿನ ನಡುವೆಯೇ ಕೂತವಳು. ಈಗ ಅವಳಿಗೆ ಕಿವಿ ಪೂರ್ತಿ ಕೇಳುವುದಿಲ್ಲ. ಕಿವಿಗೆ ಹಾಕಿಸಿದ ಮಷಿನ್ನು ಕುಯ್ ಎನ್ನುತ್ತದೆಂದು ತೆಗೆದು ಡಬ್ಬಿಯಲ್ಲಿಟ್ಟಿದ್ದಾಳೆ. ಎದುರಿಗಿರುವವರ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಾಳೆ. ಅದಕ್ಕೇ ನಾನು ಅವಳಿಗೆ ಮಾಡುವುದೆಲ್ಲ ವಿಡಿಯೋ ಕಾಲು.

ನಮ್ಮ ಮನೆಯಲ್ಲಿ ಅವ್ವನಿಗೆಂದು ಹೊಸ ಫೋನು ಯಾವತ್ತೂ ಬಂದಿಲ್ಲ. ಹೊಸದು ದುಡಿಯುವವರಿಗೆ, ಅವರು ಬಿಟ್ಟದ್ದು ಓದುವವರಿಗೆ, ಅವರೂ ಬೇಡವೆಂದದ್ದು ವಯಸ್ಸಾದವರಿಗೆ. ಅವ್ವನ ಕೈಲಿದ್ದದ್ದು ನನ್ನದೇ ಹಳೆಯ ಫೋನು. ಎರಡು ವರ್ಷದ ಹಿಂದೆ ಕೊಟ್ಟಿದ್ದೆ.

ಸಿಟ್ಟಿನ ವಿಷಯ ಹೇಳಿಬಿಡುತ್ತೇನೆ. ಏಳು ತಿಂಗಳ ಹಿಂದೆ ನನಗೆ ಗರ್ಭಕೋಶ ತೆಗೆಯುವ ಆಪರೇಷನ್ ಆಯಿತು. ಅದಕ್ಕೆ ವಾರ ಮುಂಚೆ ಅವ್ವನಿಗೆ ಕಾಲ್ ಮಾಡಿ ಎಲ್ಲ ಹೇಳಿದ್ದೆ. “ಹತ್ತು ದಿನ ಬಂದು ಇರ್ತೀಯೇನವ್ವಾ?” ಎಂದು ಕೇಳಿದ್ದೆ. ಅವಳು ನಗುತ್ತಾ “ಹ್ಞೂಂ, ಹ್ಞೂಂ” ಎಂದಿದ್ದಳು. ಬರಲೇ ಇಲ್ಲ. ಆಸ್ಪತ್ರೆಯ ಮಂಚದ ಮೇಲೆ ಬಾಗಿಲ ಕಡೆಗೇ ಮುಖ ಮಾಡಿ ಮಲಗಿದ್ದೆ. ತಮ್ಮನಿಗೆ ಹೇಳಿ ಕರೆಸಬಹುದಿತ್ತು. ತಾಯಿಯೇ ಹ್ಞೂಂ ಎಂದು ಬಾರದೆ ಇದ್ದರೆ ಇನ್ನೊಬ್ಬರ ಮುಂದೆ ಏನೆಂದು ಹೇಳಿಕೊಳ್ಳಲಿ? ಮನೆಯವರು ಮಾಡಿದ ಮುದ್ದೆ ಗಂಟುಗಂಟಾಗಿರುತ್ತಿತ್ತು. ಅದನ್ನೇ ನುಂಗಿ ಎದ್ದು ಓಡಾಡಿದೆ, ಮತ್ತೆ ಶಾಲೆಗೆ ಹೋದೆ. ಆಮೇಲೂ ಕಾಲ್ ಮಾಡುವುದನ್ನು ಬಿಡಲಿಲ್ಲ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ, ಅಷ್ಟೇ. ಅವಳೂ ಅದೇ ನಗು, ಅದೇ ಹ್ಞೂಂ.

ಬಸ್ಸು ಫ್ರೀ ಆದಮೇಲೆ ಸೀಟಿನ ಮಾತು ಕೇಳಲೇಬೇಡಿ. ಎರಡು ಬಸ್ಸು ಬದಲಿಸಿ, ಅರ್ಧ ದಾರಿ ನಿಂತುಕೊಂಡೇ ರಾಯದುರ್ಗ ಸೇರಿದಾಗ ಸೊಂಟ ನನ್ನದಾಗಿರಲಿಲ್ಲ. ಮರುದಿನ ಅವ್ವನನ್ನು ಕರೆದುಕೊಂಡು ಅಂಗಡಿಗೆ ಹೋದೆ.

ಶಾಲೆಗೆ ರಜೆ ಬಿಡುವ ಮುಂಚೆ ಸ್ಟಾಫ್ ರೂಮಿನಲ್ಲಿ ಒಬ್ಬೊಬ್ಬರೂ ಒಂದೊಂದು ಬುದ್ಧಿ ಹೇಳಿದ್ದರು. ಒಬ್ಬರು ಕ್ಯಾಮೆರಾ ನೋಡಿ ಎಂದರೆ ಇನ್ನೊಬ್ಬರು ರ್‍ಯಾಮ್ ನೋಡಿ ಎಂದರು. ಲೆಕ್ಕದ ಮೇಷ್ಟ್ರು, ಹೊಸ ಮಾಡೆಲ್ ತಗೊಳ್ಳದಿದ್ದರೆ ದುಡ್ಡು ದಂಡ ಎಂದರು. ಅವರ ಫೋನು ನೋಡಿದರೆ ಗಾಜು ಒಡೆದು ಅಂಟುಪಟ್ಟಿ ಹಾಕಿಕೊಂಡಿತ್ತು. ನನಗೆ ಬೇಕಾದದ್ದು ಇಷ್ಟೇ: ಪರದೆ ದೊಡ್ಡದಿರಬೇಕು, ಬೆಳಕಿನಲ್ಲಿ ಕಾಣಬೇಕು, ಬೆಳಿಗ್ಗೆ ಚಾರ್ಜು ಹಾಕಿದರೆ ಸಂಜೆವರೆಗೆ ಬರಬೇಕು, ಕೆಟ್ಟರೆ ಊರಲ್ಲೇ ರಿಪೇರಿ ಆಗಬೇಕು. ನಿನ್ನೆ ಬಂದ ಮಾಡೆಲ್ಲೇ ಬೇಕೆಂಬ ಹಟ ನನಗೂ ಇಲ್ಲ, ಅವ್ವನಿಗಂತೂ ಇಲ್ಲವೇ ಇಲ್ಲ.

“ಬರ್ರಿ ಮೇಡಂ, ಕೂಡ್ರಿ,” ಎಂದ ಅಂಗಡಿಯವನು ಗಾಜಿನ ಮೇಜಿನ ಮೇಲೆ ಮೂರು ಫೋನಿಟ್ಟ. “ಇದು ಈಗ ಬಂದದ್ದ್ರಿ. ಇದು ಹೋದ ವರ್ಷದ್ದು. ಒಳಗ ಹೆಚ್ಚುಕಮ್ಮಿ ಎರಡೂ ಒಂದ ಐತ್ರಿ, ಹೆಸರು ಬ್ಯಾರೆ, ಬಣ್ಣ ಬ್ಯಾರೆ. ಹೊಸದು ಬಂತಂದ್ರ ಇದರ ರೇಟು ಇಳಿತೈತಿ. ಮೂರನೇದು ಅಗ್ಗ, ಖರೆ, ಆದ್ರ ಮುಂದ ಅಪ್‌ಡೇಟ್ ಬರಂಗಿಲ್ಲ. ಅದು ಬ್ಯಾಡ್ರಿ.”

ಹೋದ ವರ್ಷದ್ದನ್ನು ಕೈಗೆತ್ತಿಕೊಂಡೆ. ಚೆನ್ನಾಗಿತ್ತು. ಅದೇ ಇರಲಿ ಎನ್ನುವಷ್ಟರಲ್ಲಿ ಅವನು ಕೇಳಿದ: “ಯಾರಿಗ್ರಿ ಇದು? ಏನು ನೋಡ್ತಾರ್ರಿ ಇದರಾಗ?”

“ನಮ್ಮ ಅವ್ವಗ್ರಿ. ಕಿವಿ ಕೇಳ್ಸಂಗಿಲ್ಲ. ನನ್ನ ತುಟಿ ನೋಡಿ ಮಾತು ತಿಳ್ಕಂತಾಳ.”

ಅವನು ಅವ್ವನ ಹಳೇ ಫೋನು ಇಸಿದುಕೊಂಡು ತಿರುಗಿಸಿ ನೋಡಿದ. ತಮ್ಮನ ಹೆಂಡತಿ ದಿನಾ ಕಳಿಸುವ ಶುಭೋದಯದ ಹೂವಿನ ಚಿತ್ರಗಳು ಒಳಗೆಲ್ಲ ತುಂಬಿಹೋಗಿದ್ದವು. ಅವನ್ನೆಲ್ಲ ಅಳಿಸಿದ. “ಅದಕ್ಕ ನಿಂದರತಿತ್ತ್ರಿ. ಪರದೆ ಛಲೋ ಐತಿ. ಹೊಸದು ತಗಳ್ಳಾಕ ಮುಂಚೆ ಒಮ್ಮೆ ಇದರಾಗ ನೋಡ್ರಿ. ರಸ್ತೆ ಆಕಡೆ ಹೋಗಿ ಕಾಲ್ ಮಾಡ್ರಿ. ಅಮ್ಮಾರಿಗೆ ಗೊತ್ತಿಲ್ಲದ್ದು ಏನರ ಹೇಳ್ರಿ.”

ಮಾರುವವನೇ ಹೀಗೆ ತಡೆದರೆ ಕೊಳ್ಳುವವರು ಏನು ಮಾಡಬೇಕು? ರೇಗುತ್ತಲೇ ರಸ್ತೆ ದಾಟಿದೆ. ಎದುರಿನ ಔಷಧಿ ಅಂಗಡಿಯ ತಗಡಿನ ನೆರಳಲ್ಲಿ ನಿಂತು ಕಾಲ್ ಮಾಡಿದೆ. ರಸ್ತೆಯ ಬಿಸಿಲಿನ ಬೆಳಕು ನೇರ ಮುಖಕ್ಕೆ ಬೀಳುತ್ತಿತ್ತು.

“ಅವ್ವಾ, ನಮ್ಮ ಎಮ್ಮಿ ಹೋದ ವಾರ ಈದೈತಿ. ಹೆಣ್ಣುಗರ.”

ಅವ್ವ ಅಂಗಡಿಯವನ ಕಡೆ ತಿರುಗಿ ಜೋರಾಗಿ ಹೇಳಿದ್ದು ನನಗೆ ಫೋನಿನಲ್ಲೂ ಕೇಳಿತು, ರಸ್ತೆಯಾಚೆಯಿಂದಲೂ ಕೇಳಿತು. “ಎಮ್ಮಿ ಈದೈತಂತಪ್ಪಾ! ಹೆಣ್ಣುಗರ ಅಂತ! ಇವತ್ತ ನನ್ನ ಮಗಳ ಬಾಯಿ ಕಾಣ್ತು ನೋಡು!”

ಇವತ್ತು ಕಾಣಿಸಿತು ಎಂದರೆ?

ಅಂಗಡಿಗೆ ಮರಳಿ ಅವಳ ಎದುರು ಕೂತು ಕೇಳಿದೆ. “ದಿನಾ ಕಾಣಂಗಿಲ್ಲೇನು?”

“ಎಲ್ಲಿ ಕಾಣ್ತಿ? ಹಿಂದ ಸೂರ್ಯ, ಮುಂದ ನೀ. ಮಾರಿ ಕರ್ರಗ ಇರತೈತಿ.”

ನಮ್ಮ ಹಳ್ಳಿಯಲ್ಲಿ ವಿಡಿಯೋ ಕಾಲಿಗೆ ಸಾಲುವಷ್ಟು ಸಿಗ್ನಲ್ ಸಿಗುವುದು ಶಾಲೆಯ ಹಿಂದಿನ ಬದುವಿನ ಮೇಲೆ ಮಾತ್ರ. ಸಂಜೆ ಮಕ್ಕಳು ಹೋದಮೇಲೆ ಅಲ್ಲಿ ಹತ್ತಿ ನಿಲ್ಲುತ್ತೇನೆ. ಪಡುವಣಕ್ಕೆ ಮುಖ ಮಾಡಿದರೆ ಬಿಸಿಲು ಕಣ್ಣು ಚುಚ್ಚುತ್ತದೆಂದು ಬೆನ್ನು ಮಾಡಿ ನಿಲ್ಲುತ್ತೇನೆ. ಎರಡು ವರ್ಷವೂ ಹಾಗೇ ನಿಂತಿದ್ದೇನೆ. ಮಕ್ಕಳ ಗ್ರೂಪ್ ಫೋಟೋ ತೆಗೆಯುವಾಗ ಬೆಳಕಿಗೆ ಮುಖ ಮಾಡಿ ನಿಲ್ಲಿ ಎಂದು ಗದರುವವಳು ನಾನೇ.

“ಮತ್ತ ಯಾಕ ಹೇಳಲಿಲ್ಲ? ತಿರುಗಿ ನಿಂದ್ರು ಅನ್ಬೇಕಿಲ್ಲೇನು?”

“ತಿರುಗಿದ್ರ ಬಿಸಲು ನಿನ್ನ ಮಾರಿಗೆ ಹೊಡಿತಿತ್ತಲ್ಲವ್ವಾ. ಸಾಲಿಯಾಗ ದಣಿದು ಬಂದಿರ್ತಿ. ಮಾತು ತಿಳೀದಿದ್ರ ಏನಾತು, ನೀ ಅದಿ ಅಂತ ಗೊತ್ತಾಗತಿತ್ತು. ಹ್ಞೂಂ ಅಂತಿದ್ದೆ.”

ನನಗೆ ಅಳು ಬಂತು. ನಾಚಿಕೆಯಾಯಿತು. ಅಂಗಡಿಯವನು ಏನೋ ನೆನಪಾದವನಂತೆ ಒಳಗೆ ಹೋದ. ಆಪರೇಷನ್ನಿನ ವಿಷಯ ಆಗ ಹೇಳಿದೆ. ನಿಧಾನವಾಗಿ, ತುಟಿ ಬಿಡಿಸಿ, ಒಂದೊಂದೇ ಮಾತು. ಬರ್ತೀಯಾ ಎಂದು ಕೇಳಿದ್ದೂ, ಅವಳು ಹ್ಞೂಂ ಎಂದದ್ದೂ, ನಾನು ಕಾದದ್ದೂ. ಅವ್ವನ ಕಣ್ಣು ನನ್ನ ಬಾಯಿ ಬಿಟ್ಟು ಕದಲಲಿಲ್ಲ. ಮುಗಿದ ಮೇಲೆ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟಳು.

“ನಾ ಬರ್ತಿದ್ದೆನಲ್ಲವ್ವಾ,” ಎಂದಳು. “ನಡಿ, ಈಗ ಬರ್ತೀನಿ.”

“ಎಲ್ಲಾ ವಾಸಿ ಆಗೇತವ್ವಾ. ಏಳು ತಿಂಗಳಾತು.”

“ಆಗ್ಲಿ. ಹತ್ತು ದಿನ ಅಂದಿದ್ದಿಯಲ್ಲ, ಹತ್ತು ದಿನ ಇರ್ತೀನಿ.”

ಹೋದ ವರ್ಷದ ಮಾಡೆಲ್ಲು ಮೇಜಿನ ಮೇಲೇ ಉಳಿಯಿತು. ಅಂಗಡಿಯವನು ಹಳೇ ಫೋನಿಗೆ ಬ್ಯಾಟರಿ ಬದಲಿಸಿ ಕೊಟ್ಟ. ಫೋನು ಮಾಡಿದ್ದಕ್ಕೆ ತಮ್ಮ ಅವ್ವನ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಬಸ್ ಸ್ಟ್ಯಾಂಡಿಗೆ ಬಂದ. ಏನಾಯಿತೆಂದು ಅವನಿಗೆ ತಿಳಿಯಲಿಲ್ಲ, ಆಮೇಲೆ ಹೇಳುತ್ತೇನೆಂದು ಬಸ್ಸು ಹತ್ತಿದೆ. ಆ ಬಸ್ಸಿನಲ್ಲಿ ಹೇಗೋ ಒಂದು ಸೀಟು ಸಿಕ್ಕಿತು. ಅವ್ವ ನನ್ನನ್ನೇ ಕೂರಿಸಿದಳು.

ಮರುದಿನ ಬೆಳಿಗ್ಗೆ ಒಲೆಯ ಮೇಲೆ ನೀರು ಕಾಯುತ್ತಿತ್ತು. ಹಸಿ ಮೈಯವರಿಗೆ ಮಾಡುವಂತೆ ಮೆಣಸಿನ ಸಾರು, ಬಿಸಿ ಅನ್ನ ಮಾಡಿಟ್ಟಿದ್ದಳು. ಪೊರಕೆ ಹಿಡಿದರೆ ಕಸಿದುಕೊಂಡಳು. “ಹೋಗು, ಮಲಗು,” ಎಂದಳು.

ನನಗೆ ಯಾವ ನೋವೂ ಇರಲಿಲ್ಲ. ಆದರೂ ಹೋಗಿ ಮಲಗಿದೆ.