ಮಾವ ಕಟ್ಟಿದ ರೈಲು ದೊಡ್ಡಿ

ಮಾವನ ಬಲಗೈ ತೋರುಬೆರಳಿಗೆ ಮೇಲಿನ ಗೆಣ್ಣು ಇರಲಿಲ್ಲ. ದಿಂಡಿಗಲ್ ರೈಲು ಯಾರ್ಡಿನಲ್ಲಿ ಎರಡು ವ್ಯಾಗನ್ನುಗಳ ನಡುವೆ ಕೊಂಡಿ ಹಾಕುವಾಗ ಹೋದದ್ದು. ಮದುವೆಯಾಗಿ ಕಂಬಂನಿಂದ ಬೋಡಿಯ ಆ ಮನೆಗೆ ಬಂದ ದಿನ ನಾನು ಕದ್ದು ಕದ್ದು ಆ ಬೆರಳನ್ನೇ ನೋಡುತ್ತಿದ್ದುದು ಅವರಿಗೆ ಗೊತ್ತಾಗಿಬಿಟ್ಟಿತು. "ಒಂಬತ್ತೂವರೆ ಐತೆ ತಾಯಿ, ಬೇಕಾದ್ರೆ ಎಣಿಸ್ಕೋ" ಎಂದು ಎರಡೂ ಕೈ ಚಾಚಿದರು. ಗಂಡನ ಅಪ್ಪನ ಜೊತೆ ನನ್ನ ಸ್ನೇಹ ಶುರುವಾದದ್ದು ಹಾಗೆ.

ಮೂವತ್ತು ವರ್ಷ ಅವರು ಶಂಟಿಂಗ್ ಜಮೇದಾರ್. ಅಂದರೆ, ಬಂದ ವ್ಯಾಗನ್ನುಗಳನ್ನು ಬಿಡಿಸಿ, ಯಾವುದು ಯಾವ ಊರಿಗೋ ಆ ಸಾಲಿಗೆ ಎಂಜಿನ್ನಿನಿಂದ ತಳ್ಳಿಸುವವರು. ಇಸವಿ ಅರವತ್ತೆರಡೋ ಮೂರೋ, ನಿವೃತ್ತರಾದರು. ಸುಮ್ಮನೆ ಕೂರುವ ಜೀವವೇ ಅದು? ತಿಂಗಳೊಳಗೆ ನಡುಮನೆಯಲ್ಲಿ ಹಲಗೆ ಹಾಸಿ ಪುಟ್ಟದೊಂದು ಯಾರ್ಡ್ ಕಟ್ಟಲು ಕುಳಿತರು. ಯಾರ್ಡ್ ಎನ್ನುವ ಮಾತೇ ಅವರ ಬಾಯಲ್ಲಿ ಬರುತ್ತಿರಲಿಲ್ಲ. ನಮ್ಮದು ತಮಿಳುನಾಡಿನಲ್ಲಿ ನೆಲೆಸಿದ, ಕನ್ನಡ ಮಾತಿನ, ದನ ಕಟ್ಟಿದ ವಂಶ, ಅವರಿಗೆ ಅದು ದೊಡ್ಡಿ. "ಮನೆಯೊಳಗೇ ದೊಡ್ಡಿ ಕಟ್ತಾ ಇದೀನಿ" ಎಂದು ತೋಟದಲ್ಲಿದ್ದ ಅಣ್ಣನಿಗೆ ಹೇಳಿ ಕಳಿಸಿದ್ದೇ ತಡ, ಮೂರನೇ ದಿನ ಆ ಹಿರಿಯರು ಒಂದು ಕರು, ಒಂದು ಹೊರೆ ಹುಲ್ಲಿನ ಸಮೇತ ಬಾಗಿಲಲ್ಲಿ ಹಾಜರ್! ಅತ್ತೆ ಹಣೆ ಚಚ್ಚಿಕೊಂಡರು. ಕರು ಮಾತ್ರ ನಮ್ಮಲ್ಲೇ ಉಳಿಯಿತು.

ಹಳಿಗೆ ಮುರಿದ ಕೊಡೆಗಳ ಕಡ್ಡಿ. ಮಳೆಯಲ್ಲಿ ಬೋಡಿಮೆಟ್ಟು ಘಾಟಿ ಹತ್ತಿ ಏಲಕ್ಕಿ ತೋಟಕ್ಕೆ ಹೋಗುವವರ ಊರಲ್ಲಿ ಮುರಿದ ಕೊಡೆಗೇನು ಬರ? ಗಾಲಿಗೆ ನೂಲಿನ ರೀಲಿನ ಅಂಚು, ಕೊಂಡಿಗೆ ನನ್ನ ಹೇರ್‌ಪಿನ್. "ಮಾಮಾ, ನಾನು ತಲೆ ಕೆದರ್ಕೊಂಡೇ ಇರ್ಬೇಕಾ?" ಎಂದರೆ "ಇನ್ನು ನಾಲ್ಕೇ ನಾಲ್ಕು ತಾಯಿ" ಎಂದು ಹಲ್ಲು ಬಿಡುತ್ತಿದ್ದರು. ಕೀ ಕೊಟ್ಟರೆ ಹಿಂದಕ್ಕೂ ಮುಂದಕ್ಕೂ ಓಡುವ ಎಂಜಿನ್ನನ್ನು ನನ್ನ ಗಂಡ ಮದುರೆಯಿಂದ ತಂದರು. ಹಳಿ ಬದಲಿಸಲು ಹಲಗೆಯ ಅಂಚಿನಿಂದ ಎಳೆಯುವ ದಾರಗಳಿದ್ದವು. ಅವನ್ನು ಮಾವ ನನ್ನ ಕೈಗೇ ಕೊಟ್ಟರು.

ಪಕ್ಕದ ಬೀದಿಯಲ್ಲಿ ಅವರದೇ ಯಾರ್ಡಿನ ಒಬ್ಬ ನಿವೃತ್ತ ಡ್ರೈವರ್ ಇದ್ದರು, ತಮಿಳರು. ಬಂದಾಗಲೆಲ್ಲ ಒಂದೇ ಚುಚ್ಚುಮಾತು: "ರೈಲು ಓಡಿಸಿದ್ದು ನಾನಯ್ಯ. ನೀನು ಕೆಳಗೆ ನಿಂತು ಬಾವುಟ ಬೀಸಿದೆ, ಅಷ್ಟೇ." ಮಾವ ನಗುತ್ತಿದ್ದರು. ಆದರೆ ಆ ದಿನ ಊಟ ಸೇರುತ್ತಿರಲಿಲ್ಲ. ಕೊನೆಗೊಮ್ಮೆ ಡ್ರೈವರ್ ಸವಾಲನ್ನೇ ಎಸೆದರು: "ಮಾಟ್ಟುಪೊಂಗಲ್ ದಿನ ಬರ್ತೀನಿ. ನಾನು ಹೇಳಿದ ಕ್ರಮದಲ್ಲಿ ರೈಲು ಜೋಡಿಸಿ ತೋರಿಸು. ವ್ಯಾಗನ್ನಿಗೆ ಕೈ ತಾಗಬಾರದು."

ದನಗಳ ಆ ಹಬ್ಬಕ್ಕೆ ಎರಡೇ ದಿನ ಉಳಿದಿತ್ತು. ಐದು ಸಾಲು ಹಳಿ, ಇಪ್ಪತ್ತು ವ್ಯಾಗನ್, ಒಂದೊಂದರ ಮೇಲೂ ಅದು ಹೋಗುವ ಊರಿನ ಹೆಸರು. ಒಂದನ್ನು ಎಳೆದರೆ ಇನ್ನೊಂದು ಅಡ್ಡ, ಎಷ್ಟು ಸಲ ಮಾಡಿದರೂ ಸಿಕ್ಕಿಕೊಳ್ಳುತ್ತಿತ್ತು. "ಬಾವುಟ ಬೀಸೋನೇ ಬಿಡು ನಾನು" ಎಂದು ಮಾವ ಗೋಡೆಗೆ ಮುಖ ಮಾಡಿ ಮಲಗಿಬಿಟ್ಟರು.

ಕಸ ಗುಡಿಸುತ್ತಿದ್ದ ಅತ್ತೆ ಪೊರಕೆ ಹಿಡಿದೇ ಶುರು ಮಾಡಿದರು: "ದೊಡ್ಡಿ ದೊಡ್ಡೀಂತ ಬಾಯ್ತುಂಬ ಹೇಳ್ತೀರ. ಒಂದ್ ಗೂಟಾನಾದ್ರೂ ಬರಿದು ಬಿಟ್ಟಿದೀರಾ? ದೇವರ ಹಸು ಬಂದ್ರೆ ಎಲ್ಲಿ ಕಟ್ಟೋದು, ನಿಮ್ಮ ತಲೆ ಮ್ಯಾಲಾ?"

ನಮ್ಮ ಮನೆಗಳಲ್ಲಿ ಅದು ಪದ್ಧತಿ. ಎಷ್ಟೇ ದನವಿರಲಿ, ದೇವರ ಹಸುವಿಗೆಂದು ದೊಡ್ಡಿಯಲ್ಲಿ ಒಂದು ಗೂಟ ಖಾಲಿ ಇರಲೇಬೇಕು. ಮಾವ ದಡಕ್ಕನೆ ಎದ್ದು ಕುಳಿತರು. "ಅಯ್ಯೋ ನನ್ನ ಬುದ್ಧಿಗೆ ಮಂಕು ಕವಿಯ! ಮೂವತ್ತು ವರ್ಷ ಒಂದು ಸಾಲು ಬರಿದು ಇಟ್ಕೊಂಡೇ ಕೆಲಸ ಮಾಡ್ದೋನು ನಾನು. ಬೊಂಬೆ ಬಂಡಿ ಅಂತ ಆಸೆಗೆ ಬಿದ್ದು ತುಂಬಿಸ್ಬಿಟ್ಟೆ!" ನಡುವಿನ ಸಾಲಿನ ನಾಲ್ಕು ವ್ಯಾಗನ್ನುಗಳನ್ನು ಎತ್ತಿ ಅಟ್ಟದ ಮೇಲಿಟ್ಟರು.

ಮಾಟ್ಟುಪೊಂಗಲ್ ದಿನ ಡ್ರೈವರ್ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಅಪ್ಪಣೆ ಕೊಟ್ಟರು: ದಿಂಡಿಗಲ್ಲಿನದು ಎಂಜಿನ್ನಿನ ಹಿಂದೆಯೇ, ಆಮೇಲೆ ಮದುರೆ, ಉಸಿಲಂಪಟ್ಟಿ, ಕಟ್ಟಕಡೆಗೆ ಥೇಣಿ. "ದಾರ ಯಾರು ಎಳೀತಾರೆ? ಸೊಸೆಯಾ?" ಎಂದು ಹುಬ್ಬೇರಿಸಿದರು. "ಹೂಂ, ಹಳಿ ಬದಲಿಸೋ ನನ್ನ ಪಾಯಿಂಟ್ಸ್‌ಮನ್ ಅವಳೇ" ಎಂದರು ಮಾವ. ಹಿರಿಯರೆದುರು ಬಾಗಿಲ ಮರೆಯಲ್ಲಿ ನಿಂತು ಬೆಳೆದವಳು ನಾನು. ದಾರಗಳ ಮುಂದೆ ಹೋಗಿ ಕುಳಿತೆ.

ಮಾವ ಬಾಯಲ್ಲೇ ಸಿಳ್ಳೆ ಹಾಕಿದರು. "ತಾಯಿ, ಮೂರು!" ಎಳೆದೆ. ಅಡ್ಡ ನಿಂತದ್ದೆಲ್ಲ ಖಾಲಿ ಸಾಲಿಗೆ ಹೋಯಿತು, ಬೇಕಾದದ್ದು ಹೊರಬಂತು. "ಒಂದು! ಈಗ ಐದು!" ಕೊಕ್ಕೆಕೋಲಿನಿಂದ ಪಿನ್ನು ಬಿಡಿಸುತ್ತ, ಹಾಕುತ್ತ, ಅವರು ಮೂವತ್ತರ ಹರೆಯದವರ ಹಾಗೆ ಹಲಗೆಯ ಸುತ್ತ ಓಡಾಡಿದರು. ಕೊನೆಯದಾಗಿ ಥೇಣಿ ವ್ಯಾಗನ್ ಬಂದು ಟಕ್ಕೆಂದು ಕೊಂಡಿಗೆ ಬಿತ್ತು.

ಡ್ರೈವರ್ ಬಗ್ಗಿ ಸೀಮೆಸುಣ್ಣದಲ್ಲಿ ಬರೆದ ಊರುಗಳನ್ನು ಎರಡು ಸಲ ಓದಿದರು. ಆಮೇಲೆ ಎದ್ದು ನಿಂತರು. "ಜೆಯಿಚ್ಚಿಟ್ಟೀಂಗ ಜಮೇದಾರ್!" ಗೆದ್ದುಬಿಟ್ಟಿರಿ! ಮೂವತ್ತು ವರ್ಷ 'ನೀ' ಎಂದೇ ಕರೆದ ಬಾಯಿ ಅದು, ಅಂದು 'ನೀಂಗ', ಅಂದರೆ ನೀವು, ಎಂದಿತು. ಮಾವ ಗಳಗಳ ಅತ್ತರು, ಅಳುತ್ತಲೇ ಬೀದಿಗೆ ಓಡಿ ಸಿಕ್ಕಸಿಕ್ಕವರ ಬಾಯಿಗೆಲ್ಲ ಪೊಂಗಲ್ ತುರುಕಿದರು. ನನಗಂತೂ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ. ನಾಲ್ಕು ಜನರೆದುರು ತಲೆಯೆತ್ತಿ ನಿಲ್ಲುವ ಧೈರ್ಯ ನನಗೆ ಬಂದದ್ದು ಆ ದಿನ, ಆ ಮನುಷ್ಯನಿಂದ.

ನಾಲ್ಕು ವರ್ಷದ ಮೇಲೆ ಮಾವ ತೀರಿಕೊಂಡರು. ಚಟ್ಟಕ್ಕೆ ಹೆಗಲು ಕೊಡಲು ಡ್ರೈವರ್ ಮುಂದೆ ಬಂದಾಗ ನಮ್ಮವರು ಯಾರೋ, ಬೇರೆ ಕುಲದವರು ಮುಟ್ಟಬಾರದೆಂದು ತಡೆದರು. ತಡೆದವರ ಕೈಯನ್ನು ಡ್ರೈವರ್ ಮೆಲ್ಲಗೆ ಸರಿಸಿದರು. "ಮೂವತ್ತು ವರ್ಷ ನನ್ನ ಎಂಜಿನ್ನಿಗೆ ದಾರಿ ತೋರಿಸಿದವರು ಅವರು. ಇವತ್ತೊಂದು ದಿನ ನಾನು ಹೊತ್ತುಕೊಂಡು ಹೋಗ್ತೀನಿ, ಬಿಡಿ."