ಬಾಗಿಲ ಕಡೆ ತಿರುಗಿದ ಕ್ಯಾಮರಾ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕ್ಯಾಮರಾ ಕೈಗೆ ಬಂದ ವರ್ಷ ನಾನು ನಂದಿಬೆಟ್ಟದ ಹತ್ತೊಂಬತ್ತು ಫೋಟೋ ತೆಗೆದೆ. ಒಂದರಲ್ಲೂ ಬೆಟ್ಟ ಅಲುಗಿರಲಿಲ್ಲ. ಇದು ನನ್ನ ಕೈಯ ಸ್ಥಿರತೆ ಎಂದು ಬಹಳ ದಿನ ಬೀಗಿದ್ದೆ. ಬೆಟ್ಟದ ಸಹಕಾರವೂ ಅದರಲ್ಲಿ ಸ್ವಲ್ಪ ಇತ್ತು ಎಂಬುದು ಹೊಳೆದದ್ದು ಮನೆಯವರ ಫೋಟೋ ತೆಗೆಯಲು ಹೊರಟಾಗ.

ಐವತ್ತರ ದಶಕದ ಕೊನೆಯ ವರ್ಷಗಳ ಮಾತು. ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ನಾನು ಚರಿತ್ರೆಯ ಮೇಷ್ಟ್ರು. ಸೈನ್ಯದಲ್ಲಿದ್ದ ಬಾವಮೈದ ರಜೆಗೆ ಬಂದವನು ತನ್ನ ಹಳೆಯ ಡಬ್ಬಿ ಕ್ಯಾಮರಾವನ್ನು ನಮ್ಮ ಮನೆಯಲ್ಲಿ ಬಿಟ್ಟು, "ಬಾವಾ, ನೀವೇ ಇಟ್ಕೊಳ್ಳಿ, ಬೇಡ ಅನ್ನಿಸಿದ್ರೆ ಮುಂದಿನ ರಜದಲ್ಲಿ ತಗೊಂಡು ಹೋಗ್ತೀನಿ" ಎಂದು ಹೇಳಿ ಹೋದ. ಕರೀ ಡಬ್ಬಿ. ಮುಂದೆ ಒಂದು ಗಾಜಿನ ಕಣ್ಣು, ಮೇಲೆ ಬಗ್ಗಿ ನೋಡಲು ಒಂದು ಪುಟ್ಟ ಕಿಟಕಿ. ಆ ಕಿಟಕಿಯಲ್ಲಿ ಎಡಕ್ಕಿದ್ದವರು ಬಲಕ್ಕೆ, ಬಲಕ್ಕಿದ್ದವರು ಎಡಕ್ಕೆ ಕಾಣುತ್ತಿದ್ದರು. ಒಂದು ರೋಲಿಗೆ ಎಂಟೇ ಫೋಟೋ. ಜೊತೆಗೊಂದು ಇಂಗ್ಲಿಷ್ ಪುಸ್ತಿಕೆಯೂ ಇತ್ತು. ಅದರ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ, ಸೂರ್ಯ ಯಾವಾಗಲೂ ನಿಮ್ಮ ಬೆನ್ನ ಹಿಂದಿರಲಿ ಎಂಬ ಅಪ್ಪಣೆ.

ಮೇಷ್ಟ್ರಾದವನಿಗೆ ಪುಸ್ತಕದಲ್ಲಿದ್ದರೆ ಮುಗಿಯಿತು. ಬೆನ್ನಿಗೆ ಸೂರ್ಯನನ್ನು ಇಟ್ಟುಕೊಂಡು ಹೆಂಡತಿಯನ್ನು, ಮಕ್ಕಳನ್ನು, ಪಕ್ಕದ ಮನೆಯ ಶಾನುಭೋಗರನ್ನು ಬಿಸಿಲಿಗೆ ಎದುರಾಗಿ ನಿಲ್ಲಿಸಿದೆ. ಫೋಟೋ ಬಂದವು. ಎಲ್ಲರೂ ಹುಣಸೆಹಣ್ಣು ಬಾಯಿಗೆ ಹಾಕಿಕೊಂಡವರ ಹಾಗೆ ಕಣ್ಣು ಕಿವುಚಿಕೊಂಡಿದ್ದರು. ನನ್ನ ಹೆಂಡತಿ ಸಾವಿತ್ರಿ ಅವುಗಳನ್ನು ತಿರುಗಿಸಿ ಮುರುಗಿಸಿ ನೋಡಿ, "ಮುಂದೆ ಮೊಮ್ಮಕ್ಕಳು ನೋಡಿದ್ರೆ ನಮ್ಮ ವಂಶದಲ್ಲಿ ಯಾರಿಗೂ ಕಣ್ಣೇ ಇರಲಿಲ್ಲ ಅಂದ್ಕೋತಾರೆ" ಎಂದಳು. ಅದಕ್ಕೇ ನಾನು ಬೆಟ್ಟಕ್ಕೆ ಮರಳಿದ್ದು. ಬೆಟ್ಟ ಕಣ್ಣು ಕಿವುಚುವುದಿಲ್ಲ, ಹೆಂಡತಿಗೆ ದೂರು ಹೇಳುವುದಿಲ್ಲ. ಅಲ್ಲದೆ ನಮ್ಮ ಶಾಲೆಯ ಆಫೀಸಿನಲ್ಲಿ ನಂದಿಬೆಟ್ಟದ ಒಂದು ಕ್ಯಾಲೆಂಡರ್ ತೂಗುಹಾಕಿದ್ದರು. ಅದರಲ್ಲಿದ್ದ ಹಾಗೆಯೇ ಒಂದು ಫೋಟೋ ತೆಗೆದುಬಿಟ್ಟರೆ ನಾನೂ ಫೋಟೋಗ್ರಾಫರ್ ಎಂಬುದು ನನ್ನ ಸಿದ್ಧಾಂತ.

ರೋಲು ತೊಳೆದುಕೊಡುತ್ತಿದ್ದವರು ಪೇಟೆಬೀದಿಯ ಸ್ಟುಡಿಯೊದ ರಹೀಂ ಸಾಹೇಬರು. ಅಲೀಪುರದ ಕಡೆಯವರು, ಮಿತಭಾಷಿ. ಹತ್ತೊಂಬತ್ತನೆಯ ಬೆಟ್ಟ ಬಂದ ದಿನ ಫೋಟೋಗಳನ್ನು ಗಾಜಿನ ಮೇಜಿನ ಮೇಲೆ ಇಸ್ಪೀಟಿನ ಎಲೆಯಂತೆ ಹರಡಿ, ಕನ್ನಡಕ ಮೇಲಕ್ಕೇರಿಸಿ ನನ್ನನ್ನು ನೋಡಿದರು.

"ಮೇಷ್ಟ್ರೇ, ತಪ್ಪು ತಿಳೀಬೇಡಿ. ಇದನ್ನೆಲ್ಲಾ ನಿಮ್ಮ ಕ್ಯಾಮರಾ ತೆಗೆದಿದೆ. ಆ ಹೊತ್ತಲ್ಲಿ ನೀವು ಎಲ್ಲಿದ್ರಿ?"

ಬೆಟ್ಟದ ಎದುರಿಗೇ ಇದ್ದೆ ಎನ್ನಬಹುದಿತ್ತು. ನಿಜವಾಗಿ ನಾನಿದ್ದದ್ದು ಶಾಲೆಯ ಆಫೀಸಿನ ಕ್ಯಾಲೆಂಡರಿನೊಳಗೆ. ಮಾತು ನಾಟಿತು, ನೋವೂ ಆಯಿತು. ಮನೆಗೆ ಬಂದವನೇ ಬಾವಮೈದನಿಗೆ ಕಾಗದ ಬರೆದೆ: ನಿನ್ನ ವಸ್ತು ನಿನ್ನ ಬರವಿಗಾಗಿ ಕಾದಿದೆ, ತೆಗೆದುಕೊಂಡು ಹೋಗು. ಬರೆದದ್ದೇನೋ ಬರೆದೆ, ಅಂಚೆಗೆ ಹಾಕಲು ಮನಸ್ಸಾಗಲಿಲ್ಲ. ಕ್ಯಾಮರಾದೊಳಗೆ ಇನ್ನೊಂದು ರೋಲು ಬಾಕಿ ಇತ್ತು. ಈ ಎಂಟರಲ್ಲಿ ಒಂದಾದರೂ ಇದು ನನ್ನದು ಎನ್ನಿಸಿದರೆ ಕಾಗದ ಒಲೆಗೆ, ಇಲ್ಲದಿದ್ದರೆ ಅಂಚೆಡಬ್ಬಕ್ಕೆ ಎಂದು ನನಗೆ ನಾನೇ ಗಡುವು ಹಾಕಿಕೊಂಡೆ. ನಲವತ್ತರ ಹತ್ತಿರ ಬಂದ ಗಂಡಸು ಒಂದು ಡಬ್ಬಿಗಾಗಿ ಇಷ್ಟು ಒದ್ದಾಡಿದನೆಂದರೆ ನಿಮಗೆ ನಗು ಬರಬಹುದು. ನನಗೆ ಆಗ ಬರಲಿಲ್ಲ.

ಏಳು ಫೋಟೋ ಎಲ್ಲೆಲ್ಲೋ ಮುಗಿದವು. ಅವುಗಳ ವಿಷಯ ಬೇಡ. ಒಂದೇ ಒಂದು ಉಳಿದಿರುವಾಗ ದಸರಾ ರಜೆ ಬಂತು. ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿದ್ದ ದೊಡ್ಡಮ್ಮನನ್ನು ನೋಡಿಬರಲು ಹೋದೆ. ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ರೇಷ್ಮೆ ಸಾಕುವುದರಲ್ಲಿ ಆ ಊರಿಗೆಲ್ಲ ಅವಳದೇ ಕೊನೆಯ ಮಾತು. ನಾನು ಹೋದಾಗ ಹುಳ ನಾಲ್ಕನೆಯ ಜ್ವರ ದಾಟಿ ಹಣ್ಣಾಗುವ ಹೊತ್ತು. ಹುಳ ಸಾಕದವರಿಗಾಗಿ ಹೇಳುತ್ತೇನೆ: ಹುಳಕ್ಕೆ ಜ್ವರವೆಂದರೆ ಕಾಯಿಲೆಯಲ್ಲ, ಮೈಯ ಪೊರೆ ಬಿಡುವ ನಿದ್ದೆ. ಹಣ್ಣಾಗುವುದೆಂದರೆ ಸೊಪ್ಪು ತಿನ್ನುವುದು ಮುಗಿಸಿ ಗೂಡು ಕಟ್ಟಲು ಸಿದ್ಧವಾಗುವುದು. ಹಾಗಾದ ಹುಳವನ್ನು ಆರಿಸಿ, ಬಿದಿರಿನ ಸುರುಳಿ ಸುತ್ತಿದ ಚಂದ್ರಿಕೆಯೆಂಬ ತಟ್ಟಿಗೆ ಬಿಡಬೇಕು. ಹಣ್ಣಾಗದ್ದನ್ನು ಬಿಟ್ಟರೆ ಗೂಡು ಕೆಡುತ್ತದೆ.

ಹುಳದ ಮನೆಯ ಬಾಗಿಲಲ್ಲಿ ನನ್ನ ಹೆಗಲಿನ ಡಬ್ಬಿಯನ್ನು ಕಂಡು ದೊಡ್ಡಮ್ಮ ಕೈ ಅಡ್ಡ ಹಿಡಿದಳು.

"ಏಮಿರಾ ಇದು? ಕಣ್ಣು ಮುಚ್ಚದೆ ನೋಡೋ ಡಬ್ಬಿ ತಗೊಂಡು ಹುಳದ ಮನೆಗೆ ಬರ್ತೀಯಾ? ಹಣ್ಣಾಗೋ ಹೊತ್ತು ಕಣಪ್ಪ, ದೃಷ್ಟಿ ತಾಕುತ್ತೆ."

ನಾನು ನಗಲಿಲ್ಲ. ವಿಗ್ರಹ ಕೆತ್ತುವವರು ಕಣ್ಣನ್ನು ಕೊನೆಗೆ ತೆರೆಯುತ್ತಾರೆ, ತೆರೆದ ಕಣ್ಣಿನ ಮೊದಲ ನೋಟ ಯಾರ ಮೇಲೂ ಬೀಳದಿರಲೆಂದು ಎದುರಿಗೆ ಕನ್ನಡಿ ಹಿಡಿಯುತ್ತಾರೆ ಎಂದು ಮಕ್ಕಳಿಗೆ ವರ್ಷವರ್ಷವೂ ಪಾಠ ಹೇಳುತ್ತಿದ್ದವನು ನಾನು. ಶಿಲ್ಪಿ ಹೆದರಿದರೆ ಸಂಪ್ರದಾಯ, ದೊಡ್ಡಮ್ಮ ಹೆದರಿದರೆ ಮೂಢನಂಬಿಕೆ ಎನ್ನುವುದು ಯಾವ ನ್ಯಾಯ? ಅದೂ ಅಲ್ಲದೆ, ಆ ಡಬ್ಬಿ ನೋಡಿದ್ದೆಲ್ಲ ಇದುವರೆಗೆ ಕೆಟ್ಟೇ ಬಂದಿತ್ತು. ಅವಳ ಅನುಮಾನಕ್ಕೆ ನನ್ನ ಬಳಿಯೇ ಪುರಾವೆ ಇತ್ತು.

ನನ್ನ ಮುಖ ಬಾಡಿದ್ದನ್ನು ನೋಡಿಯೋ ಏನೋ, ಅವಳು ಸ್ವಲ್ಪ ಇಳಿದಳು. "ಕಾಲು ತೊಳಕೊಂಡು ಬಾ. ಆ ಮೂಲೇಲಿ ನಿಂತ್ಕೋ. ನಿನ್ನ ಡಬ್ಬೀನ ಹುಳದ ಕಡೆ ತಿರುಗಿಸಬಾರದು. ಬಾಗಿಲ ಕಡೆ ತಿರುಗಿಸ್ಕೊಂಡಿರು, ಅಷ್ಟೇ."

"ಬಾಗಿಲ ಕಡೆ ಬೆಳಕಿದೆ ದೊಡ್ಡಮ್ಮ. ಬೆಳಕಿಗೆ ಎದುರಾಗಿ ತೆಗೀಬಾರದು ಅಂತ ಪುಸ್ತಕದಲ್ಲಿದೆ."

"ಆ ಪುಸ್ತಕ ಬರೆದೋನು ಹುಳ ಸಾಕಿದ್ದಾನಾ?" ಎಂದಳು ದೊಡ್ಡಮ್ಮ.

ಮೂಲೆಯಲ್ಲಿ ನಿಂತೆ. ಒಳಗೆ ಅರೆಗತ್ತಲು. ತಟ್ಟೆಗಳ ತುಂಬ ಹುಳ ಹಿಪ್ಪುನೇರಳೆ ಸೊಪ್ಪು ಮೇಯುವ ಸಣ್ಣ ಸದ್ದು. ಪೂರ್ವದ ಬಾಗಿಲಲ್ಲಿ ಬೆಳಗಿನ ಬಿಸಿಲು. ದೊಡ್ಡಮ್ಮ ತಟ್ಟೆಯಿಂದ ಒಂದೊಂದೇ ಹುಳ ಎತ್ತಿ ಬಾಗಿಲಿಗೆ ಬಂದು, ಎರಡು ಬೆರಳಲ್ಲಿ ಅದನ್ನು ಬೆಳಕಿಗೆ ಅಡ್ಡ ಹಿಡಿದು, ಒಂದು ಕಣ್ಣು ಕಿರಿದಾಗಿಸಿ ನೋಡುತ್ತಿದ್ದಳು. ಕೆಲವನ್ನು ಚಂದ್ರಿಕೆಗೆ ಬಿಡುತ್ತಿದ್ದಳು, ಕೆಲವನ್ನು ತಟ್ಟೆಗೆ ಮರಳಿಸುತ್ತಿದ್ದಳು.

"ಹಂಗೆ ಯಾಕೆ ಹಿಡೀತೀಯಾ?" ಎಂದೆ.

"ಬೆಳಕು ಬೆನ್ನಿಗಿದ್ರೆ ಹುಳದ ಚರ್ಮ ಕಾಣ್ಸುತ್ತೆ. ಒಳಗೇನಿದೆ ಅಂತ ಕಾಣಬೇಕಾದ್ರೆ ಬೆಳಕಿಗೆ ಅಡ್ಡ ಹಿಡೀಬೇಕು ಕಣೋ. ಹಣ್ಣಾದದ್ದು ಗಾಜಿನಂಗೆ ತಿಳಿಯಾಗಿರುತ್ತೆ."

ಹೇಳುತ್ತಲೇ ಅವಳು ಇನ್ನೊಂದು ಹುಳ ಎತ್ತಿದಳು. ನಾನು ಬಗ್ಗಿ ಡಬ್ಬಿಯ ಕಿಟಕಿಯಲ್ಲಿ ನೋಡಿದೆ. ಬಾಗಿದ ಬೆನ್ನು, ಚಾಚಿದ ಕೈ, ಬೆರಳ ತುದಿಯಲ್ಲಿ ಬೆಳಕು ಕುಡಿದ ಒಂದು ಹುಳ. ಕ್ಯಾಲೆಂಡರ್ ನೆನಪಾಗಲಿಲ್ಲ, ಪುಸ್ತಿಕೆ ನೆನಪಾಗಲಿಲ್ಲ. ಉಸಿರು ಬಿಗಿಹಿಡಿದು ಗುಂಡಿ ಒತ್ತಿದೆ. ರೋಲು ಮುಗಿಯಿತು.

ರಹೀಂ ಸಾಹೇಬರು ಆ ಒಂದನ್ನು ಕೇಳದೆಯೇ ದೊಡ್ಡದಾಗಿ ಮಾಡಿಟ್ಟಿದ್ದರು. ದೊಡ್ಡಮ್ಮನ ಮುಖವೆಲ್ಲ ಕಪ್ಪು. ಕೈಯ ಅಂಚಿನಲ್ಲಿ ಒಂದು ಗೆರೆ ಬೆಳಕು. ಬೆರಳ ನಡುವಿನ ಹುಳ ಮಾತ್ರ ಒಳಗಿನಿಂದ ಮಿನುಗುತ್ತಿತ್ತು. ಸಾಹೇಬರು ಅದನ್ನು ನನ್ನ ಕಡೆ ತಿರುಗಿಸಿ, "ಇಲ್ಲಿದ್ದೀರಿ ನೋಡಿ" ಎಂದರು. ನನ್ನ ಕಣ್ಣು ತುಂಬಿ ಬಂತು. ಸ್ಟುಡಿಯೊದ ಔಷಧಿಯ ಘಾಟು ಎಂದು ಹೇಳಿ ಹೊರಗೆ ಬಂದೆ.

ಫೋಟೋ ತೆಗೆದುಕೊಂಡು ಮತ್ತೆ ಹಳ್ಳಿಗೆ ಓಡಿದೆ. ಅಷ್ಟರಲ್ಲಿ ಗೂಡು ಬಿಡಿಸಿ ಆಗಿತ್ತು, ಬೆಳೆ ಚೆನ್ನಾಗಿ ಬಂದಿತ್ತು. ನನ್ನ ಡಬ್ಬಿಯ ದೃಷ್ಟಿ ತಾಕಿರಲಿಲ್ಲ.

"ನನ್ನ ಮುಖ ಎಲ್ಲೋ?" ಎಂಬುದು ದೊಡ್ಡಮ್ಮನ ಮೊದಲ ಪ್ರಶ್ನೆ.

"ಕತ್ತಲಲ್ಲಿದೆ ದೊಡ್ಡಮ್ಮ. ಹುಳ ನೋಡು."

ಅವಳು ಫೋಟೋ ಹಿಡಿದು ಬಾಗಿಲಿಗೆ ನಡೆದಳು. ಎರಡು ಬೆರಳಲ್ಲಿ ಎತ್ತಿ, ಒಂದು ಕಣ್ಣು ಕಿರಿದಾಗಿಸಿ, ಥೇಟ್ ಹುಳ ನೋಡುವ ಹಾಗೆಯೇ ನೋಡಿದಳು. ನಾನು ಪರೀಕ್ಷೆ ಬರೆದ ಹುಡುಗನಂತೆ ನಿಂತಿದ್ದೆ.

"ಇದು ಹಣ್ಣಾಗಿಲ್ಲ" ಎಂದಳು.

ನಾನು ಅವಳ ಪಕ್ಕಕ್ಕೆ ಹೋಗಿ ಬಗ್ಗಿ ನೋಡಿದೆ.

"ತಲೆ ಕಡೆ ತಿಳಿಯಾಗಿದೆ, ಬಾಲದ ಕಡೆ ಇನ್ನೂ ಮಬ್ಬು ಇದೆ ನೋಡು. ಅವತ್ತು ಇದನ್ನ ವಾಪಸ್ ತಟ್ಟೆಗೇ ಹಾಕ್ದೆ. ಕೆಟ್ಟ ಹುಳ ಏನಲ್ಲ ಕಣಪ್ಪ. ಇನ್ನೊಂದೆರಡು ಹೊತ್ತು ಸೊಪ್ಪು ತಿಂದ್ರೆ ಒಳ್ಳೇ ಗೂಡು ಕಟ್ಟುತ್ತೆ."

ಅವಳು ಹೇಳಿದ್ದು ಹುಳದ ವಿಷಯ. ಫೋಟೋವನ್ನು ನನ್ನ ಕೈಗಿತ್ತು ಕಾಫಿ ಕಾಸಲು ಒಳಗೆ ಹೋದಳು. ನಾನು ಆ ಬಾಗಿಲಲ್ಲೇ ಸ್ವಲ್ಪ ಹೊತ್ತು ಬಿಸಿಲಿಗೆ ಮುಖ ಮಾಡಿ ನಿಂತಿದ್ದೆ. ಸಂಜೆ ಚಿಕ್ಕಬಳ್ಳಾಪುರದಲ್ಲಿ ಬಸ್ಸಿಳಿದವನು ಮನೆಗೆ ಹೋಗದೆ ನೇರ ರಹೀಂ ಸಾಹೇಬರಲ್ಲಿಗೆ ಹೋಗಿ ಇನ್ನೊಂದು ರೋಲು ಕೇಳಿದೆ. ಬಾವಮೈದನಿಗೆ ಬರೆದ ಕಾಗದ ಮಾರನೆಯ ಬೆಳಿಗ್ಗೆ ಬಚ್ಚಲ ಒಲೆ ಹೊತ್ತಿಸಲು ಬಂತು.