ಅತ್ತಿಗೆಯ ಕಾಲಷ್ಟೇ ಬಲ್ಲ ಓಬಳೆಪ್ಪ

ಆನೆಗೊಂದಿಯ ನಮ್ಮ ಬಯಲಾಟದ ಮೇಳದಲ್ಲಿ ನಾನು ರಾವಣ. ಗಂಗಾವತಿಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡು ದಿನವಿಡೀ ಗಿರಾಕಿಗಳ ಮೇಲೆ ಕೂಗಾಡುತ್ತೇನಾದ್ದರಿಂದ ಈ ದೊಡ್ಡಬಸಪ್ಪನಿಗೆ ಬೇರೆ ತಾಲೀಮು ಬೇಕಿಲ್ಲ ಎಂದು ಊರವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈಗ ಹೇಳಹೊರಟಿರುವುದು ನನ್ನ ಸುದ್ದಿಯಲ್ಲ, ನಮ್ಮ ಲಕ್ಷ್ಮಣನದು. ಅವನ ಹೆಸರು ಓಬಳೆಪ್ಪ. ರಾಮನ ಪಾತ್ರ ಅವನ ಅಣ್ಣ ಮುದಿಯಪ್ಪನದು. ಇಬ್ಬರದೂ ಒಂದೇ ಮನೆ, ಒಂದೇ ಒಲೆ, ಹೊಳೆದಂಡೆಯಲ್ಲಿ ಒಂದೇ ಬಾಳೆತೋಟ.

ಓಬಳೆಪ್ಪ ಹಡೆದವಳಿಗೆ ತಡವಾಗಿ ಹುಟ್ಟಿದ ಕೊನೆಯ ಮಗ. ಅವನು ಕಂಡ ತಾಯಿ ನೆರೆಗೂದಲಿನವಳೇ. ಆಕೆ ತೀರಿಕೊಂಡಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಅದೇ ವರ್ಷ ಮುದಿಯಪ್ಪ ಭೀಮಕ್ಕನನ್ನು ಮದುವೆಯಾಗಿ ಕರೆತಂದ. ಆಗ ಭೀಮಕ್ಕ ತಾನೇ ಚಿಕ್ಕ ಹುಡುಗಿ. ಉದ್ದ ಜಡೆ, ಬಾಯಿ ತುಂಬ ನಗು. ತಬ್ಬಲಿ ಮೈದುನನಿಗೆ ತಲೆ ಬಾಚಿ, ಬುತ್ತಿ ಕಟ್ಟಿ, ಜ್ವರ ಬಂದರೆ ರಾತ್ರಿಯಿಡೀ ಕೂತು, ಅವನನ್ನು ಮನುಷ್ಯನನ್ನಾಗಿ ಮಾಡಿದಳು. ಅಣ್ಣನ ಮೇಲೆ ಅವನಿಗೆ ಎಷ್ಟು ಭಕ್ತಿಯೋ ಅತ್ತಿಗೆಯ ಮೇಲೆ ಅದಕ್ಕಿಂತ ಒಂದು ಹಿಡಿ ಹೆಚ್ಚು.

ಮೀಸೆ ಮೂಡುವ ವಯಸ್ಸಿಗೆ ಅವನಿಗೆ ಲಕ್ಷ್ಮಣನ ಪಾತ್ರ ಬಂತು. ನಮಗೆಲ್ಲ ಆಟ ಕಲಿಸಿದವರು ಜಿಲಾನಸಾಬರು. ರಾಮಾಯಣ ಅವರಿಗೆ ಬಾಯಿಪಾಠ. ಸೀತೆಯ ಒಡವೆಗಳನ್ನು ಸುಗ್ರೀವ ತೋರಿಸುವ ಪ್ರಸಂಗ ಕಲಿಸುವಾಗಂತೂ, ಇದು ನಮ್ಮ ಗುಡ್ಡದಲ್ಲೇ ನಡೆದದ್ದು, ತಪ್ಪಿದರೆ ಗುಡ್ಡ ನಗುತ್ತದೆ ಎಂದು ಹೆದರಿಸುತ್ತಿದ್ದರು. ಮೇಲಿನ ಒಡವೆ ಯಾವುದೂ ಲಕ್ಷ್ಮಣನಿಗೆ ಗುರುತು ಹತ್ತುವುದಿಲ್ಲ. ದಿನಾ ಅತ್ತಿಗೆಯ ಕಾಲಿಗೆರಗಿದವನಾದ್ದರಿಂದ ಕಾಲಂದುಗೆ ಮಾತ್ರ ಗುರುತು ಹತ್ತುತ್ತದೆ. ಈ ಪಾತ್ರ ಕಟ್ಟಿದವನು ಅತ್ತಿಗೆಯ ಮುಖದತ್ತ ಕಣ್ಣೆತ್ತಬಾರದು ಎಂದು ಜಿಲಾನಸಾಬರು ಓಬಳೆಪ್ಪನಿಗೆ ತಾಕೀತು ಮಾಡಿದರು.

ಅವರು ಹೇಳಿದ್ದು ರಂಗದ ಮೇಲಿನ ಮಾತು. ನಮ್ಮ ಪುಣ್ಯಾತ್ಮ ಅದನ್ನು ಮನೆಗೂ ಒಯ್ದ. ರಂಗದ ಮೇಲೆ ತಲೆ ತಗ್ಗಿಸಿ ಮನೆಯಲ್ಲಿ ತಲೆ ಎತ್ತಿದರೆ ಅದು ಬರೀ ಬಣ್ಣದ ಭಕ್ತಿಯಾಗುತ್ತದೆ ಎಂಬುದು ಅವನ ಲೆಕ್ಕ. ಅಂದಿನಿಂದ ಭೀಮಕ್ಕ ಉಣ್ಣಲು ಬಡಿಸಿದರೆ ಅವನ ಕಣ್ಣು ತಾಟಿನಲ್ಲಿ, ಮಾತಾಡಿಸಿದರೆ ನೆಲದಲ್ಲಿ. ಎಷ್ಟೋ ವರ್ಷಗಳ ನಂತರ ಈ ಸುದ್ದಿ ಕಿವಿಗೆ ಬಿದ್ದಾಗ ಜಿಲಾನಸಾಬರು ಹೊಟ್ಟೆ ಹಿಡಿದುಕೊಂಡು ನಕ್ಕು, ಸಾಕು ಬಿಡೋ ಎಂದರು. ಅಷ್ಟೊತ್ತಿಗೆ ಅದು ರೂಢಿಯಾಗಿಬಿಟ್ಟಿತ್ತು. ಅವನ ಹೆಂಡತಿ ರೇಣುಕಮ್ಮ, ಅಲ್ಲಿ ತಗ್ಗಿಸುವ ತಲೆಯನ್ನು ನನ್ನ ಮುಂದೂ ಒಂದಿಷ್ಟು ತಗ್ಗಿಸಿದ್ದರೆ ಮನೆ ಸ್ವರ್ಗವಾಗುತ್ತಿತ್ತು ಎಂದು ಇವತ್ತಿಗೂ ಹೇಳುತ್ತಾಳೆ. ನನ್ನನ್ನು ಕೇಳಿದರೆ, ಅವನ ಈ ನಿಯಮ ನೋಡಿ ನನಗೆ ಎಷ್ಟೋ ಸಲ ಸಿಟ್ಟೇ ಬಂದಿದೆ. ಸಾಕಿದವಳ ಮುಖ ನೋಡದಿರುವುದು ಯಾವ ಸೀಮೆಯ ಮರ್ಯಾದೆ?

ಹೋದ ಸುಗ್ಗಿಯಲ್ಲಿ ಮುದಿಯಪ್ಪನ ಕಣ್ಣಿನ ಆಪರೇಷನ್ ನಿಗದಿಯಾಯಿತು. ಎರಡೂ ಕಣ್ಣಿಗೆ ಪೊರೆ ಬಂದು, ಎದುರಿಗೆ ನಿಂತವರನ್ನು ದನಿಯ ಮೇಲೆ ಗುರುತಿಸುವಷ್ಟರ ಮಟ್ಟಿಗೆ ಮಂಜಾಗಿತ್ತು. ಮೊದಲು ಒಂದು ಕಣ್ಣು ಮಾಡೋಣ ಎಂದು ಡಾಕ್ಟರು ಹೇಳಿದ್ದರು. ಗಂಗಾವತಿಯ ಬಸ್ ಸ್ಟ್ಯಾಂಡಿನ ಹತ್ತಿರದ ಕಣ್ಣಿನ ದವಾಖಾನೆಗೆ ಮೂವರೂ ಬಂದರು. ಒಳಗೆ ಕರೆದಾಗ ಮುದಿಯಪ್ಪ ತಮ್ಮನಿಗೆ ಹೇಳಿದ್ದು ಒಂದೇ ಮಾತು.

"ಆಕಿಗೆ ಪ್ಯಾಟಿ ರೂಢಿ ಇಲ್ಲ. ಬಿಟ್ಟು ಎಲ್ಲೂ ಹೋಗಬ್ಯಾಡ, ಓಬಳ್ಯಾ."

ಹೊರಗೆ ಬೆಂಚಿನ ಮೇಲೆ ಅತ್ತಿಗೆ, ಪಕ್ಕದ ಗೋಡೆಗೆ ಮೈದುನ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಯಾರೋ ನರಳಿದ್ದು ಕೇಳಿಸಿತು. ಇದು ನಮ್ಮವರದೇ ದನಿ, ಹೋಗಿ ನೋಡು ಎಂದು ಭೀಮಕ್ಕ ಎದ್ದು ನಿಂತಳು. ಅಣ್ಣ ಹೀಗೆ ಹೇಳಿದ್ದಾನೆ ಎಂದು ಇವನು ಅಳುಕಿದ. ನಿಮ್ಮಣ್ಣನಿಗೆ ಏನಾದರೂ ಆದರೆ ನೀನೇ ಜವಾಬ್ದಾರ ಎಂದು ಅತ್ತಿಗೆ ದನಿ ಏರಿಸಿದಳು. ಪಾಪ, ರಾಮಾಯಣವನ್ನು ಅಷ್ಟು ಸಲ ಆಡಿದವನಿಗೆ ಇದು ಯಾವ ಪ್ರಸಂಗ ಎಂದು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೋದ.

ನರಳಿದವನು ಬೇರೆ ಯಾರೋ. ಮುದಿಯಪ್ಪ ಇನ್ನೂ ಒಳಗಿದ್ದ, ಚೆನ್ನಾಗಿಯೇ ಇದ್ದ. ಅದನ್ನು ವಿಚಾರಿಸಿಕೊಂಡು ಬರಲು ಇವನಿಗೆ ಹಿಡಿದ ಹೊತ್ತು ಮಾತ್ರ ಜಾಸ್ತಿಯಾಯಿತು. ಬಂದು ನೋಡಿದರೆ ಬೆಂಚಿನ ಮೇಲೆ ಭೀಮಕ್ಕನ ಚೀಲ ಇತ್ತು, ಚೀಲದಲ್ಲಿ ಫೋನಿತ್ತು, ಭೀಮಕ್ಕ ಇರಲಿಲ್ಲ.

ಅವನು ಮೊದಲು ಫೋನು ಹಚ್ಚಿದ್ದು ಭೀಮಕ್ಕನ ಮಗ ಹನಮೇಶನಿಗೆ. ಅವನು ಶ್ರೀರಾಮನಗರದ ಕಡೆ ಭತ್ತ ಕಟಾವಿನ ಮಷಿನ್ ಮೇಲೆ ಕೂತಿದ್ದ. ಆ ಸದ್ದಿನಲ್ಲಿ ಅವನಿಗೆ ಫೋನು ಕೇಳಿಸಬೇಕಾದರೆ ದೇವರೇ ಬರಬೇಕು. ಆಮೇಲೆ ನನಗೆ ಹಚ್ಚಿದ.

"ದೊಡ್ಡಬಸಣ್ಣ, ಅತ್ತಿಗೆಮ್ಮ ಕಾಣವಲ್ರು. ಅಣ್ಣ ಹೊರಗ ಬರೂದ್ರಾಗ ಸಿಗಬೇಕು. ಇಲ್ಲಂದ್ರ ನಾ ಏನಂತ ಮುಖ ತೋರಸಲಿ?"

ಅಂಗಡಿಯನ್ನು ಹಾಗೇ ಬಿಟ್ಟು ಓಡಿದೆ. ಈ ಸಲ ರಾವಣನದೇನೂ ತಪ್ಪಿಲ್ಲ ಎಂದು ಚೇಷ್ಟೆ ಮಾಡಬೇಕೆಂದುಕೊಂಡಿದ್ದೆ, ಅವನ ಮುಖ ನೋಡಿ ನುಂಗಿಕೊಂಡೆ. ಬಾಯಿ ಒಣಗಿತ್ತು, ಕಣ್ಣು ಕೆಂಪಾಗಿದ್ದವು. ದವಾಖಾನೆಯ ಸುತ್ತ, ಹಣ್ಣಿನ ಗಾಡಿಗಳ ನಡುವೆ, ಚಹದಂಗಡಿಗಳಲ್ಲಿ ಹುಡುಕಿದೆವು. ಯಾರನ್ನು ಕೇಳಿದರೂ, ನೋಡಲು ಹೇಗಿದ್ದಾರೆ ಎಂದೇ ತಿರುಗಿ ಕೇಳುತ್ತಿದ್ದರು. ನಾನೂ ಆಕೆಯನ್ನು ಕಂಡು ಬಹಳ ದಿನವಾಗಿತ್ತು. ಆಟ ನೋಡಲು ಬಂದರೂ ಸೆರಗು ಹಣೆಯ ತನಕ ಎಳೆದುಕೊಂಡು ಹೆಂಗಸರ ನಡುವೆ ಕೂರುವವಳು. ಕೊನೆಗೆ ಬಸ್ ಸ್ಟ್ಯಾಂಡಿಗೆ ಹೋಗಿ ಮೈಕಿನಲ್ಲಿ ಕೂಗಿಸೋಣ ಎಂದು ನಾನೇ ಅವನನ್ನು ಎಳೆದುಕೊಂಡು ಹೋದೆ.

ಕಂಟ್ರೋಲರ್ ಒಳ್ಳೆಯ ಮನುಷ್ಯ. ಗುರುತು ಹೇಳ್ರಿ ಎಂದು ಮೈಕನ್ನು ಹತ್ತಿರ ಎಳೆದುಕೊಂಡ. ಓಬಳೆಪ್ಪ ಕೆಳಗಿನಿಂದ ಶುರುಮಾಡಿದ. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಏರಿ ಕೂತಿದೆ. ಬಲಗಾಲಿನ ಹಿಮ್ಮಡಿ ಒಡೆದಿದೆ, ಮಾಗಿ ಬಂದರೆ ಇನ್ನೂ ಒಡೆಯುತ್ತದೆ. ಕಾಲುಂಗುರ ಸವೆದು ತೆಳ್ಳಗಾಗಿವೆ. ಬಲಗಾಲಿನ ಚಪ್ಪಲಿಯ ಪಟ್ಟಿ ಕಿತ್ತಿದ್ದಕ್ಕೆ ಪಿನ್ನು ಚುಚ್ಚಿದ್ದಾರೆ. ಹಸಿರು ಸೀರೆ, ಕೆಂಪು ಅಂಚು.

"ಅದಾತ್ರಿ. ಮ್ಯಾಲ ಹೇಳ್ರಿ. ಮುಖ?" ಎಂದ ಕಂಟ್ರೋಲರ್.

ಓಬಳೆಪ್ಪ ನೆನಪಿಸಿಕೊಂಡು ಹೇಳಿದ. "ಉದ್ದ ಜಡಿ ಇತ್ರಿ. ಕರೇ ಕೂದಲು. ನಕ್ರ ಭಾಳ ಛಲೋ ಕಾಣ್ತಿದ್ರು."

ಕಂಟ್ರೋಲರ್ ವಯಸ್ಸೆಷ್ಟು ಎಂದು ಕೇಳಿದ. ಅರವತ್ತು ದಾಟಿದ್ದಾರೆ ಎಂದು ನಾನೇ ಹೇಳಬೇಕಾಯಿತು. ಅವನು ಒಮ್ಮೆ ನನ್ನ ಮುಖ, ಒಮ್ಮೆ ಓಬಳೆಪ್ಪನ ಮುಖ ನೋಡಿದ. ಮತ್ತೇನೂ ಕೇಳದೆ ಮೈಕಿಗೆ ಬಾಯಿಟ್ಟ. ಆನೆಗೊಂದಿಯ ಭೀಮಕ್ಕನವರು ಕಳೆದುಹೋಗಿದ್ದಾರೆ, ಎಡಗಾಲಿನ ಕಿರುಬೆರಳು ಹೀಗಿದೆ, ಹಿಮ್ಮಡಿ ಹೀಗಿದೆ, ಚಪ್ಪಲಿಗೆ ಪಿನ್ನಿದೆ, ಕಂಡವರು ತಿಳಿಸಬೇಕು ಎಂದು ಕುಷ್ಟಗಿ ಬಸ್ಸಿನ ಸುದ್ದಿ ಹೇಳುವಷ್ಟೇ ಗಂಭೀರವಾಗಿ ಕೂಗಿದ.

ನಾನು ರಾವಣನಾಗಿ ಎಷ್ಟೋ ಸಭೆ ಕಂಡಿದ್ದೇನೆ, ಅಂಥ ಸಭೆ ಕಂಡಿಲ್ಲ. ಇಡೀ ಬಸ್ ಸ್ಟ್ಯಾಂಡು ತಲೆ ತಗ್ಗಿಸಿತು. ಯಲಬುರ್ಗಾ ಬಸ್ಸಿಗೆ ಕಾದವರು ಕೊಪ್ಪಳ ಬಸ್ಸಿಗೆ ಕಾದವರ ಕಾಲು ನೋಡಿದರು. ಹೆಂಗಸರು ತಮ್ಮ ಕಾಲನ್ನೇ ಮುಂದೆ ಚಾಚಿ ನೋಡಿಕೊಂಡರು. ಕಂಡಕ್ಟರನೊಬ್ಬ ಮೆಟ್ಟಿಲ ಮೇಲೆ ನಿಂತು ಇಳಿಯುವವರ ಕಾಲುಗಳನ್ನೇ ತಪಾಸಣೆ ಮಾಡತೊಡಗಿದ.

ಗೇಟಿನ ಹತ್ತಿರ ನೆಲದ ಮೇಲೆ ಲಿಂಬೆಹಣ್ಣು ಮಾರುತ್ತ ಕೂತಿದ್ದ ಹಸನಬೀಗೆ ಮಾತ್ರ ಬೇರೆಯೇ ಒಂದು ಕಂಡಿತು. ಎಲ್ಲರೂ ಕಾಲು ಚಾಚಿ ನೋಡಿಕೊಳ್ಳುತ್ತಿರುವಾಗ, ಕಂಬಕ್ಕೆ ಒರಗಿ ಕೂತಿದ್ದ ಒಬ್ಬಾಕೆ ಎರಡೂ ಕಾಲು ಸೀರೆಯೊಳಗೆ ಎಳೆದುಕೊಂಡು ಮುದುಡಿದಳಂತೆ. ಹಸನಬೀ ಅಲ್ಲಿಂದಲೇ ಕೈ ಬೀಸಿ ನಮ್ಮನ್ನು ಕರೆದಳು.

ಅದು ಭೀಮಕ್ಕನೇ. ಮೈದುನ ಎಷ್ಟು ಹೊತ್ತಾದರೂ ಬರಲಿಲ್ಲವೆಂದು ಅವನನ್ನೇ ಹುಡುಕಲು ಎದ್ದವಳು ಹಿಂದಿನ ಬಾಗಿಲಿನಿಂದ ಹೊರಬಿದ್ದು ದಾರಿ ತಪ್ಪಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಕೂತರೆ ಊರಿನವರು ಯಾರಾದರೂ ಸಿಕ್ಕೇ ಸಿಗುತ್ತಾರೆ ಎಂದು ಜಾಣತನದಿಂದಲೇ ಬಂದು ಕೂತಿದ್ದಳು. ಮೈಕು ಕೂಗಿದಾಗ ಎದ್ದು ಬರಬೇಕೆಂದಿದ್ದವಳು, ಪಿನ್ನಿನ ಸುದ್ದಿ ಬಂದದ್ದೇ ನಾಚಿಕೆಯಿಂದ ಅಲ್ಲೇ ಕೂತುಬಿಟ್ಟಿದ್ದಳು.

ಓಬಳೆಪ್ಪ ಆ ಕಾಲುಗಳ ಮುಂದೆ ಕುಸಿದು ಕೂತ. ಹೋದ ಜೀವ ಬಂದಂತಾಯಿತು ಎನ್ನುತ್ತಾರಲ್ಲ, ಅದನ್ನು ನಾನು ಅವತ್ತು ಕಣ್ಣಾರೆ ಕಂಡೆ. ಭೀಮಕ್ಕ ಬೈಯತೊಡಗಿದಳು. ಊರ ಮಂದಿಯ ಮುಂದೆ ಕಾಲಿನ ಮರ್ಯಾದೆ ತೆಗೆದೆ ಎಂದಳು, ಚಪ್ಪಲಿ ಕಿತ್ತದ್ದು ಮೊನ್ನೆಯಷ್ಟೇ ಎಂದಳು. ಅವನು ಕಾಲುಗಳನ್ನೇ ನೋಡುತ್ತ ಅಳುತ್ತಿದ್ದ. ಬೈಗುಳ ನಡುವೆಯೇ ನಿಂತಿತು.

"ನನ್ನ ಮುಖ ಹೆಂಗೈತಿ ಅಂತ ನಿನಗ ಗೊತ್ತ ಇಲ್ಲೇನೋ, ಓಬಳ್ಯಾ?"

ಅವನು ಇಲ್ಲ ಎಂದು ತಲೆಯಾಡಿಸಿದ.

"ಮ್ಯಾಲ ನೋಡು. ನಾ ಹೇಳತೀನಿ, ನೋಡು."

ಅತ್ತಿಗೆಯ ಮಾತು ಮೀರಿ ಅವನಿಗೆ ಗೊತ್ತಿಲ್ಲ. ನಿಧಾನವಾಗಿ ತಲೆ ಎತ್ತಿದ. ನೋಡಿದವನು ನೋಡುತ್ತಲೇ ಉಳಿದ. ನನಗೆ ತಡೆಯಲಾಗಲಿಲ್ಲ. ಲಿಂಬೆಹಣ್ಣು ಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿದೆ.

ನಾವು ದವಾಖಾನೆಗೆ ಹೋಗುವಷ್ಟರಲ್ಲಿ ಮುದಿಯಪ್ಪನನ್ನು ಹೊರಗೆ ತಂದು ಮಲಗಿಸಿದ್ದರು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದರಲ್ಲಿ ಹಳೆಯ ಮಂಜು. ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭೀಮಕ್ಕ ಕಣ್ಸನ್ನೆ ಮಾಡಿ ಬೇಡವೆಂದಳು. ಆದರೂ ಓಬಳೆಪ್ಪ ಅಣ್ಣನ ಪಕ್ಕ ನಿಂತು, ನೀನು ಹೇಳಿದ ಮಾತು ಮೀರಿ ಬಿಟ್ಟು ಹೋದೆ, ಅತ್ತಿಗೆಮ್ಮ ಕಳೆದುಹೋಗಿದ್ದರು, ಈಗ ಸಿಕ್ಕರು ಎಂದು ಎಲ್ಲವನ್ನೂ ಒಪ್ಪಿಸಿದ. ಬಸ್ ಸ್ಟ್ಯಾಂಡಿನ ಕಥೆಯನ್ನು ನಾನು ಸೇರಿಸಿದೆ. ಬೈಗುಳ ಬರುತ್ತದೆಂದು ಅವನು ಕಾದು ನಿಂತ.

ಮುದಿಯಪ್ಪ ನಕ್ಕುಬಿಟ್ಟ. ನಗಬೇಡ, ಕಣ್ಣಿಗೆ ತ್ರಾಸಾಗುತ್ತದೆ ಎಂದು ನರ್ಸು ಗದರಿಸಿದಳು. ಅವನು ಕೈ ಚಾಚಿ ತಮ್ಮನ ಕೈ ಹುಡುಕಿ ಹಿಡಿದುಕೊಂಡ.

"ನನಗೂ ಆಕಿ ಮುಖ ಕಾಣದ ಎರಡು ವರ್ಷ ಆತು. ಪಟ್ಟಿ ಬಿಚ್ಚೂದು ನಾಳೆ. ನೀನ ಮೊದಲ ನೋಡಿ ಬಂದೀಯಲ್ಲ, ಹೇಳು, ಹೆಂಗದಾಳ?"

ಓಬಳೆಪ್ಪ ಅತ್ತಿಗೆಯತ್ತ ತಿರುಗಿದ. ಯಾರೂ ಹೇಳಲಿಲ್ಲ, ತಾನಾಗಿಯೇ ತಲೆ ಎತ್ತಿ ನೋಡಿದ.

"ಕೂದಲ ಪೂರಾ ಬೆಳ್ಳಗಾಗ್ಯಾವಣ್ಣ," ಎಂದ. "ನಮ್ಮವ್ವನ ಹಂಗ ಅದಾರ."